ಹಸಿರಾಗಿಯೇ ಉಳಿದ ನಳಿಕೆ

ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲದ ಲವಣದಿಂದ ಕರುಳಿನ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಬಹುದೆಂದು ಸ್ಟೀವರ್ಟ್ ಕೋಸರ್ 1923ರಲ್ಲಿ ತೋರಿಸಿದರು. ಅವರ ದ್ರವ ಮಾಧ್ಯಮದಲ್ಲಿ ಇಂಗಾಲಕ್ಕೆ ಸಿಟ್ರೇಟ್ ಒಂದೇ ಆಸರೆ. ಅದನ್ನು ಉಂಡು ಬೆಳೆಯಬಲ್ಲ ಜೀವಿ ದ್ರವವನ್ನು ಕದಡುತ್ತಿತ್ತು. ಆದರೆ ಬ್ಯಾಕ್ಟೀರಿಯಾಗಳನ್ನು ತುಸು ಹೆಚ್ಚು ಹಾಕಿದರೂ ದ್ರವ ಕದಡಿದಂತೆಯೇ ಕಾಣುತ್ತದೆ. 1926ರಲ್ಲಿ ಸಿಮ್ಮನ್ಸ್ ಅದಕ್ಕೆ ಅಗಾರ್ ಮತ್ತು ಬ್ರೋಮೋಥೈಮಾಲ್ ನೀಲಿ ಸೇರಿಸಿ ಈ ಗೊಂದಲವನ್ನು ನೀಗಿಸಿದರು. ಸಿಟ್ರೇಟ್ ಬಳಕೆಯಾಗಿ ಕ್ಷಾರ ಹೆಚ್ಚಿದರೆ ನಳಿಕೆಯಲ್ಲಿನ ಹಸಿರು ಅಗಾರ್ ನೀಲಿಗೆ ತಿರುಗುತ್ತದೆ. ಅಗ್ಗದ, ಬರಿಗಣ್ಣಿಗೆ ಕಾಣುವ ಈ ಪರೀಕ್ಷೆ ಇಂದಿಗೂ ಉಳಿದಿರುವುದು ನ್ಯಾಯವೇ. ನನ್ನ ತಕರಾರು ಇರುವುದು ಅದನ್ನು ಓದುವ ಬಗೆಯ ಮೇಲೆ.

ಸಾಲ್ಮೊನೆಲ್ಲಾ ಎಂದರೆ ನೀಲಿ ಎಂಬ ಕಂಠಪಾಠ ಬಹುಪಾಲು ನಿಜ. ಅದರ ಪ್ಯಾರಾಟೈಫಿ ಬಿ ಎಂಬ ಬಗೆ ಕೂಡ ಸಾಮಾನ್ಯವಾಗಿ ನೀಲಿಯನ್ನೇ ಕೊಡುತ್ತದೆ. ಆದರೆ ಭಾರತದಲ್ಲಿ ಪ್ಯಾರಾಟೈಫಾಯ್ಡ್ ಜ್ವರಕ್ಕೆ ಮುಖ್ಯ ಕಾರಣವಾದ ಪ್ಯಾರಾಟೈಫಿ ಎ, ಟೈಫಾಯ್ಡ್ ತರುವ ಟೈಫಿಯಂತೆಯೇ, ನಳಿಕೆಯನ್ನು ಹಸಿರಾಗಿಯೇ ಉಳಿಸುತ್ತದೆ. ಅದು ಹೈಡ್ರೋಜನ್ ಸಲ್ಫೈಡ್‌ನ ಕಪ್ಪನ್ನು ತೋರುವುದೂ ಇಲ್ಲವೆನ್ನುವಷ್ಟು ಕಡಿಮೆ. ಲೈಸಿನ್ ಪರೀಕ್ಷೆಯಲ್ಲೂ ಋಣಾತ್ಮಕ. ಹೀಗಾಗಿ ಕಂಠಪಾಠ ನಂಬಿದವರು ಹುಡುಕುತ್ತಿದ್ದ ರೋಗಾಣುವನ್ನೇ ಕೈಬಿಡುವ ಅಪಾಯವಿದೆ. ಹಸಿರಿನ ಅರ್ಥವೂ ನಾವು ಎಣಿಸಿದಷ್ಟು ದೊಡ್ಡದಲ್ಲ. ನಳಿಕೆಯನ್ನು ಹಸಿರಾಗಿ ಬಿಡುವ ಇ. ಕೋಲಿಯ ಒಳಗೂ ಸಿಟ್ರೇಟ್ ಅರಗಿಸುವ ಕಿಣ್ವಗಳಿವೆ. ಆಮ್ಲಜನಕವಿರುವಾಗ ಅದನ್ನು ಒಳಗೆ ತಂದುಕೊಳ್ಳುವ ದಾರಿಯಿಲ್ಲ, ಅಷ್ಟೆ. ರಿಚರ್ಡ್ ಲೆನ್ಸ್ಕಿ 1988ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ 31,000ಕ್ಕೂ ಹೆಚ್ಚು ಪೀಳಿಗೆಗಳ ಬಳಿಕ ಇ. ಕೋಲಿಯ ಒಂದು ಗುಂಪು ಆ ದಾರಿ ಕಂಡುಕೊಂಡಿತು. ಅಂದರೆ ನಳಿಕೆಯ ಬಣ್ಣ ಹೇಳುವುದು ಬಾಗಿಲಿನ ಸುದ್ದಿಯನ್ನು, ಒಳಗಿರುವವರ ಕುಲವನ್ನಲ್ಲ.

ಬ್ಯಾಕ್ಟೀರಿಯಾಗಳನ್ನು ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಬಂದ ಮೇಲೆ ಈ ಚರ್ಚೆ ಏಕೆ ಎಂದು ಕೇಳಬಹುದು. ದಿನನಿತ್ಯದ ಬಳಕೆಯಲ್ಲಿ ಆ ಯಂತ್ರ ಸಾಲ್ಮೊನೆಲ್ಲಾ ಎಂದು ಚೆನ್ನಾಗಿ ಹೇಳುತ್ತದೆ. ಟೈಫಿಯೋ ಪ್ಯಾರಾಟೈಫಿಯೋ ಎಂದು ನೆಚ್ಚುವಂತೆ ಹೇಳುವುದಿಲ್ಲ. ಕೊನೆಯ ತೀರ್ಪು ಪ್ರತಿಕಾಯಗಳಿಂದ ಬಗೆ ಗುರುತಿಸುವ ಆಂಟಿಸೀರಮ್‌ನದೇ ಅಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಒಪ್ಪತಕ್ಕದ್ದು ಕೂಡ. ಆದರೆ ಜೀವರಾಸಾಯನಿಕ ಪರೀಕ್ಷೆಯಲ್ಲೇ ತಳ್ಳಿಹಾಕಿದ ಕಾಲೊನಿ ಆಂಟಿಸೀರಮ್‌ನ ಹನಿಯವರೆಗೆ ಬರುವುದೇ ಇಲ್ಲ. ಈಗಿನ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಗುರಿಯಿಡುವ ವಿಐ ಕವಚ ಪ್ಯಾರಾಟೈಫಿ ಎಗೆ ಇಲ್ಲವಾದ್ದರಿಂದ, ಹೀಗೆ ತಪ್ಪಿಹೋಗುವ ಒಂದೊಂದು ಗುರುತೂ ಲೆಕ್ಕಕ್ಕೆ ಬರಬೇಕಾದದ್ದು. ಜ್ವರದ ರೋಗಿಯ ರಕ್ತದಿಂದ ಬೆಳೆದ, ಲ್ಯಾಕ್ಟೋಸ್ ಹುದುಗಿಸದ ಕಾಲೊನಿ ಸಿಟ್ರೇಟ್ ನಳಿಕೆಯನ್ನು ಹಸಿರಾಗಿಯೇ ಬಿಟ್ಟರೆ, ಅದನ್ನು ಎಸೆಯುವ ಮುನ್ನ ಆಂಟಿಸೀರಮ್ ಹಾಕಿ ನೋಡಿ.