ಎಳೆಯರ ಹೆಸರಿನಲ್ಲಿ ಒಂದು ಕಥೆಯ ವಿಚಾರಣೆ

ಮರಾಠಿಯ ದೀಪಾವಳಿ ವಿಶೇಷಾಂಕಗಳು ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಕನ್ನಡ ಮನೆಗಳಿಗೂ ಪರಿಚಿತವೇ. ‘ರಂಭಾ’ ಮಾಸಿಕದ 1962ರ ಅಂಥ ಒಂದು ಅಂಕದಲ್ಲಿ ಚಂದ್ರಕಾಂತ ಕಾಕೋಡಕರರ ‘ಶಾಮಾ’ ಎಂಬ ಕಥೆ ಅಚ್ಚಾಯಿತು. ಅದು ಅಶ್ಲೀಲವೆಂಬ ದೂರು ನ್ಯಾಯಾಲಯಕ್ಕೆ ಹೋಯಿತು. ಮುಂಬಯಿ ಉಚ್ಚ ನ್ಯಾಯಾಲಯ ಲೇಖಕರನ್ನು ದೋಷಿಯೆಂದಿತು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ದೋಷಮುಕ್ತಗೊಳಿಸಿತು. ನ್ಯಾಯಮೂರ್ತಿ ಜಗನ್ಮೋಹನ ರೆಡ್ಡಿಯವರು ಬರೆದ ಆ ತೀರ್ಪನ್ನು ಒಂದು ವಿಮರ್ಶಾ ಲೇಖನವೆಂದೇ ಓದಬಹುದು.

ಕಥೆ ಉನ್ನತ ದರ್ಜೆಯದಲ್ಲದಿರಬಹುದು, ಲೇಖಕನ ಅನುಭವ ಸಾಲದಿರಬಹುದು ಎಂದು ತೀರ್ಪು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆದರೂ ಇಡಿಯಾಗಿ ಓದಿದಾಗ ಅದು ಕಾಮೋದ್ರೇಕಕ್ಕಾಗಿ ಬರೆದದ್ದಲ್ಲವೆನ್ನುತ್ತದೆ. ಕಳಪೆ ಬರವಣಿಗೆ ಬೇರೆ, ಕೆಡಿಸುವ ಬರವಣಿಗೆ ಬೇರೆ. ಈ ಭೇದವನ್ನು ನಮ್ಮ ವಿಮರ್ಶಕರೂ ಎಷ್ಟೋ ಸಲ ಮರೆಯುತ್ತಾರೆ.

ಈ ಮಾತಿನ ತೂಕ ತಿಳಿಯಬೇಕಾದರೆ ಹಿಂದಿನದನ್ನು ನೆನೆಯಬೇಕು. 1868ರ ಇಂಗ್ಲೆಂಡಿನ ಹಿಕ್ಲಿನ್ ಪ್ರಕರಣವು ಒಂದು ಅಳತೆಗೋಲನ್ನು ಕೊಟ್ಟಿತ್ತು: ಪುಸ್ತಕ ಯಾರ ಕೈಗೆ ಬೀಳಬಹುದೋ ಅವರಲ್ಲಿ ಸುಲಭವಾಗಿ ಕೆಡಬಲ್ಲವರ ಮನಸ್ಸೇ ಪ್ರಮಾಣ. 1964ರಲ್ಲಿ, ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಮಾರಿದ ಮುಂಬಯಿಯ ಪುಸ್ತಕ ವ್ಯಾಪಾರಿ ರಂಜಿತ ಉದೇಶಿಯವರ ಶಿಕ್ಷೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೂ ಈ ಅಳತೆಯಿಂದಲೇ ಎತ್ತಿಹಿಡಿಯಿತು. ಹೀಗಾದಾಗ ಪ್ರೌಢರ ಸಾಹಿತ್ಯವೆಲ್ಲ ಎಳೆಯರ ಅಂಗಿಯ ಅಳತೆಗೆ ಕತ್ತರಿಸಿಕೊಳ್ಳಬೇಕಾಗುತ್ತದೆ. ಹಿಂದಿನ ಇಂಗ್ಲಿಷ್ ಲೇಖಕರು ಮದುವೆಯಾಗದ ಹುಡುಗಿಯರನ್ನಷ್ಟೇ ಕಣ್ಣಮುಂದಿಟ್ಟುಕೊಂಡು ಬರೆಯುತ್ತಿದ್ದರು, ಸಮಾಜ ಈಗ ಬದಲಾಗಿದೆ ಎಂಬ ‘ಶಾಮಾ’ ತೀರ್ಪಿನ ಮಾತು ಈ ಕತ್ತರಿಗೇ ಕೊಟ್ಟ ಉತ್ತರ. 1985ರಲ್ಲಿ ಸಮರೇಶ ಬಸು ಅವರ ಬಂಗಾಳಿ ಕಾದಂಬರಿ ‘ಪ್ರಜಾಪತಿ’ಯ ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಕಾಮದ ಪ್ರಸ್ತಾಪವಿದ್ದುದೆಲ್ಲ ತರುಣರಿಗೆ ನಿಷಿದ್ಧವಾದರೆ ಅವರಿಗೆ ಕೇವಲ ಧಾರ್ಮಿಕ ಗ್ರಂಥಗಳೇ ಗತಿಯೆಂದಿತು. (ನಮ್ಮ ಪುರಾಣಗಳನ್ನು ಓದಿದವರು ಅವಾದರೂ ಉಳಿದಾವೇ ಎಂದು ಕೇಳಬಹುದು. ಗುಡಿಯ ಶಿಲ್ಪಕ್ಕೂ ದೇವರ ತೇರಿನ ಕೆತ್ತನೆಗೂ ಕಾಯ್ದೆ ಮೊದಲೇ ವಿನಾಯಿತಿ ಕೊಟ್ಟಿದೆ!) ಹಿಕ್ಲಿನ್ ಅಳತೆಯನ್ನು ಸ್ಪಷ್ಟವಾಗಿ ಕೈಬಿಟ್ಟದ್ದು 2014ರಲ್ಲಿ.

ಹಾಗೆಂದು ಎಳೆಯರಿಗೆ ರಕ್ಷಣೆ ಬೇಡವೇ? ಖಂಡಿತ ಬೇಕು. ಅದಕ್ಕೆ ಕಾನೂನಿನಲ್ಲಿ ಬೇರೆ ಬಾಗಿಲೇ ಇದೆ. ಅಶ್ಲೀಲ ವಸ್ತುವನ್ನು ಎಳೆಯರಿಗೆ ಮಾರುವವನಿಗೆ ಹಳೆಯ ದಂಡಸಂಹಿತೆಯ 293ನೆಯ ಕಲಮು ಹೆಚ್ಚಿನ ಶಿಕ್ಷೆ ವಿಧಿಸುತ್ತಿತ್ತು, ವಯೋಮಿತಿ 20. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 295ನೆಯ ಕಲಮು ಅದನ್ನು 18ಕ್ಕೆ ಇಳಿಸಿದೆ. ಲೈಂಗಿಕ ಉದ್ದೇಶದಿಂದ ಮಕ್ಕಳಿಗೆ ಇಂಥದನ್ನು ಯಾವ ಮಾಧ್ಯಮದಲ್ಲಿ ತೋರಿಸಿದರೂ 2012ರ ಪೋಕ್ಸೊ ಕಾಯ್ದೆಯಂತೆ ಅಪರಾಧ. ಇಲ್ಲಿ ತಪ್ಪು ಮಾರುವವನದು, ತೋರಿಸುವವನದು. ಪುಸ್ತಕ ಬರೆದವನು ಮಗುವಿಗಾಗಿ ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಇದು ಸರಿಯಾದ ದಾರಿ. ಆರು ವರ್ಷದವನನ್ನೂ ಹದಿನೇಳರವನನ್ನೂ ಒಂದೇ ‘ಮಗು’ ಎಂಬ ಶಬ್ದದಲ್ಲಿ ಕಟ್ಟಿದ್ದು ಮಾತ್ರ ಶಾಲೆಯಲ್ಲಿ ಕಲಿಸಿದವರಿಗೆ ಒಪ್ಪಿಗೆಯಾಗದು.

‘ಶಾಮಾ’ ತೀರ್ಪಿನಲ್ಲಿ ನನಗೆ ಸಾಲದೆನಿಸುವುದೂ ಇದೇ. ಎಳೆಯ ಓದುಗನು ಹೇಗೆ ಓದುತ್ತಾನೆಂಬ ವಿಚಾರ ಅಲ್ಲಿ ಇನ್ನಷ್ಟು ಬೆಳೆಯಬೇಕಿತ್ತು. ಬಚ್ಚಿಟ್ಟ ಪುಸ್ತಕದಲ್ಲಿ ಹುಡುಗ ಒಂದೇ ಪುಟ ಹುಡುಕುತ್ತಾನೆ. ಬಿಚ್ಚಿಟ್ಟದ್ದನ್ನು ಕಥೆಗಾಗಿ ಓದುತ್ತಾನೆ. ದೊಡ್ಡವರೂ ಒಂದೇ ಪುಟ ಓದುವುದುಂಟು. ನಾನು ಮುಖ್ಯಾಧ್ಯಾಪಕನಾಗಿದ್ದಾಗ ಪಾಲಕರೊಬ್ಬರು ಶಾಲೆಯ ಕನ್ನಡ ಕಾದಂಬರಿಯೊಂದರ ಎರಡು ಪುಟಗಳಿಗೆ ಕೆಂಪು ಪೆನ್ಸಿಲಿನಿಂದ ಗೆರೆಯೆಳೆದು ತಂದು, ಅದನ್ನು ತೆಗೆದುಹಾಕಿರೆಂದರು. ಪೇಟೆಯ ಅಂಗಡಿಯಲ್ಲಿ ಕನ್ನಡ ಪುಸ್ತಕ ಸಿಗದ ಊರು ನಮ್ಮದು. ಶಾಲೆಯ ಕಪಾಟಿನಿಂದ ಒಂದು ಹೋದರೆ ಮತ್ತೊಂದು ಬರುವ ಭರವಸೆಯಿಲ್ಲ. “ಪೂರ್ತಿ ಓದಿ ಬರ್ರಿ, ಆಮೇಲೆ ಮಾತಾಡೋಣ” ಎಂದೆ. ಹದಿನೈದು ದಿನದ ಮೇಲೆ ಅವರು ಪುಸ್ತಕ ತಿರುಗಿ ಕೊಟ್ಟು, ದೊಡ್ಡ ಹುಡುಗರು ಓದಿದರೆ ಅಡ್ಡಿಯಿಲ್ಲವೆಂದರು. ಒಂಬತ್ತು ಮತ್ತು ಹತ್ತನೆಯ ಇಯತ್ತೆಯವರಿಗೆ ಮಾತ್ರ ಕೊಡತಕ್ಕದ್ದೆಂದು ರಿಜಿಸ್ಟರಿನಲ್ಲಿ ಬರೆಸಿ, ಪುಸ್ತಕವನ್ನು ಅದರ ಜಾಗದಲ್ಲೇ ಇರಿಸಿದೆವು.