ಡೀಫೋವಿನ ‘ಪ್ಲೇಗಿನ ವರ್ಷದ ದಿನಚರಿ’ಯಲ್ಲಿ ಗೃಹಜೀವನ

ಗ್ರಂಥವೊಂದರ ಬಾಳು ಅದು ಹುಟ್ಟಿದ ಕಾಲಕ್ಕೇ ಮುಗಿಯುವುದಿಲ್ಲ. ಅದು ವರ್ಣಿಸಿದಂತಹ ಸಂಕಟವು ಮತ್ತೊಂದು ಕಾಲದ ಜನರಿಗೆ ಒದಗಿದಾಗ ಅದಕ್ಕೆ ಹೊಸ ವಾಚಕರು ದೊರೆಯುವರು. ಆಂಗ್ಲ ಲೇಖಕನಾದ ಡೇನಿಯಲ್ ಡೀಫೋ 1722ರಲ್ಲಿ ಪ್ರಕಟಿಸಿದ ‘ಪ್ಲೇಗಿನ ವರ್ಷದ ದಿನಚರಿ’ಯು ಅಂತಹುದು. ‘ರಾಬಿನ್‌ಸನ್ ಕ್ರೂಸೋ’ವಿನ ಕರ್ತೃವೆಂದು ಆತನನ್ನು ಬಲ್ಲವರು ಅನೇಕರು, ಈ ಗ್ರಂಥವನ್ನು ಓದಿದವರು ವಿರಳ. 2020ನೆಯ ಇಸವಿಯ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನಿಗೆ ಒಳಪಟ್ಟ ದಿನಗಳನ್ನು ಮನೆಯೊಳಗೆ ಕಳೆದವರು ಇದನ್ನು ಈಗ ಓದತಕ್ಕುದು.

1665ರಲ್ಲಿ ಲಂಡನ್ ನಗರಕ್ಕೆ ಬಡಿದ ಮಹಾಮಾರಿಯೇ ಇದರ ವಸ್ತು. ಆಗ ಡೀಫೋ ಐದು ವರ್ಷದ ಹಸುಳೆ. 1720ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದಲ್ಲಿ ಪ್ಲೇಗು ತಲೆದೋರಿ ಇಂಗ್ಲೆಂಡಿನಲ್ಲಿಯೂ ಭಯವು ಹಬ್ಬಿದಾಗ, ಹಳೆಯ ಕಾಗದಪತ್ರಗಳನ್ನೂ ಮರಣದ ಪಟ್ಟಿಗಳನ್ನೂ ಆಧರಿಸಿ, ಕುದುರೆಯ ಜೀನು ಮಾರುವ ವರ್ತಕನೊಬ್ಬನ ಬಾಯಿಂದ ಆತನು ಈ ಕಥನವನ್ನು ಹೇಳಿಸಿದನು. ಪಟ್ಟಿಗಳೂ ಲೆಕ್ಕಗಳೂ ಇದರಲ್ಲಿ ಹೇರಳವಾಗಿವೆ. ಆದರೆ ಗ್ರಂಥದ ಜೀವವಿರುವುದು ಮುಚ್ಚಿದ ಮನೆಗಳ ವೃತ್ತಾಂತದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಅಂದಿನ ನಗರಾಧಿಪತಿಯ ಆಜ್ಞೆಯು ಕಠಿನವಾದುದು. ಮನೆಯಲ್ಲಿ ಒಬ್ಬನಿಗೆ ರೋಗ ತಗುಲಿದರೆ ಆ ಮನೆಯವರೆಲ್ಲರನ್ನೂ ಒಳಗಿಟ್ಟು ಬಾಗಿಲಿಗೆ ಬೀಗ ಹಾಕತಕ್ಕುದು. ಬಾಗಿಲಿನ ಮೇಲೆ ಒಂದಡಿ ಉದ್ದದ ಕೆಂಪು ಶಿಲುಬೆಯನ್ನು ಬರೆಯತಕ್ಕುದು. ಹಗಲಿಗೊಬ್ಬ, ಇರುಳಿಗೊಬ್ಬ ಕಾವಲುಗಾರನನ್ನು ನಿಲ್ಲಿಸತಕ್ಕುದು. ರೋಗಿಯೊಡನೆ ಆರೋಗ್ಯವಂತರೂ ಸೆರೆಯಾದರು. ಕೆಲವರು ಕಾವಲುಗಾರರಿಗೆ ಲಂಚಕೊಟ್ಟು, ಕೆಲವರು ಅವರನ್ನು ವಂಚಿಸಿ ಓಡಿಹೋದರು. ಓಡಿದವರಲ್ಲಿ ಕೆಲವರು ರೋಗವನ್ನೂ ಜೊತೆಗೆ ಕೊಂಡೊಯ್ದರು. ಊರಿನ ಹಿತಕ್ಕಾಗಿ ಕೆಲವರು ಕಷ್ಟಪಡಬೇಕಾಗುವುದೆಂದು ಒಪ್ಪಿಯೂ, ಈ ಆಜ್ಞೆಯಿಂದ ಆದ ಪ್ರಯೋಜನವು ಅಲ್ಪವೆಂದು ವರ್ತಕನು ವಾದಿಸುತ್ತಾನೆ. ಆಜ್ಞೆಯು ಮನೆಯನ್ನು ಒಂದೇ ದೇಹವೆಂದು ಎಣಿಸಿತು. ಒಳಗಿದ್ದವರಾದರೋ ಯಜಮಾನ, ಹೆಂಡತಿ, ಮಗು, ಆಳು ಎಂದು ಬೇರೆ ಬೇರೆಯಾದವರು. ಅವರ ಭಯವೂ ಬಲವೂ ಬೇರೆ ಬೇರೆ.

ಗ್ರಂಥದ ಅತ್ಯುತ್ತಮ ಸನ್ನಿವೇಶವು ಥೇಮ್ಸ್ ನದಿಯ ದಡದಲ್ಲಿ ನಡೆಯುವುದು. ಅಲ್ಲಿ ವರ್ತಕನು ರಾಬರ್ಟನೆಂಬ ಬಡ ಅಂಬಿಗನನ್ನು ಕಾಣುತ್ತಾನೆ. ಆತನ ಹೆಂಡತಿಗೂ ಒಂದು ಮಗುವಿಗೂ ರೋಗ ತಗುಲಿದೆ. ಆತನು ಮನೆಯ ಹೊಸ್ತಿಲನ್ನು ತುಳಿಯನು. ಊರನ್ನು ಬಿಟ್ಟು ಹಡಗುಗಳಲ್ಲಿ ವಾಸವಾಗಿರುವ ಕುಟುಂಬಗಳಿಗೆ ಬೇಕಾದುದನ್ನು ದೋಣಿಯಲ್ಲಿ ಒಯ್ದುಕೊಟ್ಟು, ರಾತ್ರಿ ದೋಣಿಯಲ್ಲಿಯೇ ಮಲಗುವನು. ಗಳಿಸಿದುದನ್ನು ಮನೆಗೆ ತುಸು ದೂರದ ಅಗಲವಾದ ಕಲ್ಲೊಂದರ ಮೇಲೆ ಇರಿಸಿ, ಹಿಂದೆ ಸರಿದು, ಹೆಂಡತಿಯನ್ನು ಕೂಗುವನು. ಮನೆಯವರನ್ನು ತೊರೆದೆಯಾ ಎಂದು ವರ್ತಕನು ಆಕ್ಷೇಪಿಸಲು ಆತನು ಕಣ್ಣೀರಿಡುತ್ತಾನೆ. ದೂರ ನಿಂತುದೇ ಆತನ ಪ್ರೇಮದ ರೂಪವೆಂದು ನಮಗೆ ತಿಳಿಯುವುದು. ಇದನ್ನು ಹೇಳುವಾಗ ಡೀಫೋ ಒಂದು ಅಲಂಕಾರವನ್ನಾಗಲಿ ಉಪದೇಶವನ್ನಾಗಲಿ ಬಳಸಿಲ್ಲ. 2020ರಲ್ಲಿ ವೃದ್ಧ ತಾಯಿತಂದೆಗಳನ್ನು ಕಿಟಕಿಯಾಚೆ ನಿಂತು ಮಾತನಾಡಿಸಿದವರಿಗೆ ಆ ಕಲ್ಲಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಇಷ್ಟು ಗುಣವುಳ್ಳ ಗ್ರಂಥದಲ್ಲಿ ಒಂದು ದೊಡ್ಡ ಕೊರತೆಯೂ ಉಂಟು. ವರ್ತಕನು ಅವಿವಾಹಿತ, ಆತನ ಮನೆಯಲ್ಲಿರುವವರು ಮನೆವಾರ್ತೆ ನೋಡುವ ಮುದುಕಿ, ಒಬ್ಬ ಕೆಲಸದ ಹುಡುಗಿ, ಇಬ್ಬರು ಕಸಬು ಕಲಿಯುವ ಹುಡುಗರು. ವೈದ್ಯಮಿತ್ರನ ಸಲಹೆಯಂತೆ ಬಾಗಿಲಿಕ್ಕಿಕೊಂಡು, ಹಿಟ್ಟು ತರಿಸಿ ರೊಟ್ಟಿ ಸುಟ್ಟುದನ್ನೂ, ಮನೆಯಲ್ಲಿಯೇ ಬಿಯರು ಕಾಸಿದುದನ್ನೂ, ಉಪ್ಪುಬೆಣ್ಣೆ ಚೀಸುಗಳನ್ನು ಕೂಡಿಟ್ಟುದನ್ನೂ ಆತನು ವರ್ಣಿಸುತ್ತಾನೆ. ಆದರೆ ಆ ಒಲೆಯ ಮುಂದೆ ನಿಂತವರ ಒಂದು ಮಾತೂ ನಮಗೆ ಕೇಳಿಸದು. ಅವರಿಗೆ ಹೆಸರೂ ಇಲ್ಲ. ಸುಮಾರು ಹದಿನೈದು ದಿನಗಳಾಗುವಷ್ಟರಲ್ಲಿ ಬೇಸತ್ತು ವರ್ತಕನು ಬೀದಿಗಿಳಿಯುತ್ತಾನೆ. ಗ್ರಂಥವೂ ಆತನೊಡನೆ ಹೊರಬೀಳುತ್ತದೆ. ಒಳಗುಳಿದವರ ಕಥೆಯು ಒಳಗೇ ಉಳಿಯುತ್ತದೆ. ಬೀದಿಯಲ್ಲಿ ನಿಂತವನಿಗೆ ಮುಚ್ಚಿದ ಮನೆಯ ಆಕ್ರಂದನವು ಕೇಳಿಸುವುದು. ದಿನದಿನದ ದಣಿವು ಕೇಳಿಸದು.

ನಮ್ಮ ಕಾಲದ ಆಜ್ಞೆಯೂ ಮನೆಯನ್ನು ಒಂದೇ ದೇಹವೆಂದೇ ಎಣಿಸಿತು. ಮನೆಯಲ್ಲಿರಿ ಎಂದು ಹೇಳಿದವರು ಮನೆಯೆಂದರೆ ಎಲ್ಲರಿಗೂ ಆಶ್ರಯವೆಂದು ಭಾವಿಸಿದರು. ಕೆಲವರಿಗೆ ಅದು ನಿಜವಾಯಿತು. ವರ್ಷಗಳಿಂದ ಒಟ್ಟಿಗೆ ಕುಳಿತು ಉಣ್ಣದವರು ಒಂದೇ ಪಂಕ್ತಿಯಲ್ಲಿ ಉಂಡರು, ಅಜ್ಜಿಯ ಕಥೆಗೆ ಮೊಮ್ಮಕ್ಕಳು ದೊರೆತರು. ಆದರೆ ಎರಡು ಹೊತ್ತಿನ ಅಡುಗೆ ಐದು ಹೊತ್ತಿನದಾಯಿತು. ದಿನಗೂಲಿಯನ್ನು ಕಳೆದುಕೊಂಡ ತಂದೆಯ ಒಂದೇ ಮೊಬೈಲಿಗಾಗಿ ಮೂರು ಮಕ್ಕಳ ಪಾಠಗಳು ಕಾದುನಿಂತವು. ಗಂಡನ ಕೈಯ ಪೆಟ್ಟಿಗೆ ಹೆದರುವವಳಿಗೆ ಬಾಗಿಲು ಮುಚ್ಚಿದುದೇ ಭಯವಾಯಿತು. ಗೃಹಹಿಂಸೆಯ ದೂರುಗಳು ಹೆಚ್ಚಿದುವೆಂದು ರಾಷ್ಟ್ರೀಯ ಮಹಿಳಾ ಆಯೋಗವೇ ಅದೇ ವರ್ಷ ತಿಳಿಸಿತು. ಇದೆಲ್ಲವೂ ಡೀಫೋವಿನ ವರ್ತಕನು ಕಾಣದೆ ಹೋದ ಅಡುಗೆಮನೆಯ ವೃತ್ತಾಂತ.

ಆದುದರಿಂದ ಈ ಗ್ರಂಥದಿಂದ ನಮ್ಮ ಲೇಖಕರು ಎರಡು ಪಾಠಗಳನ್ನು ಕಲಿಯಬಹುದು. ಅಂಬಿಗನ ಕಲ್ಲಿನಂತಹ ಒಂದು ಸಣ್ಣ ಸಂಗತಿಯನ್ನು ಆಡಂಬರವಿಲ್ಲದೆ ಹೇಳಿದರೆ ಅದು ಸಾವಿನ ಲೆಕ್ಕಗಳಿಗಿಂತ ಬಹುಕಾಲ ಉಳಿಯುವುದೆಂಬುದು ಒಂದು. ಕಥೆಗಾರನು ಬೀದಿಯಲ್ಲಿಯೇ ನಿಲ್ಲದೆ ಒಳಕ್ಕೆ ಬರಬೇಕೆಂಬುದು ಇನ್ನೊಂದು. ಒಳಗಿದ್ದವರೇ ಬರೆದರೆ ಇನ್ನೂ ಲೇಸು. ಆ ತಿಂಗಳುಗಳ ಮನೆಲೆಕ್ಕದ ಪುಸ್ತಕಗಳೂ ಮಕ್ಕಳ ಟಿಪ್ಪಣಿಗಳೂ ಉಳಿದಿರುವ ಮನೆಗಳವರು ಅವನ್ನು ರದ್ದಿಗೆ ಹಾಕದಿರಲಿ. ಅಂದು ಅಡುಗೆಯ ಭಾರ ಹೊತ್ತ ಸೋದರಿಯರು ನೆನಪು ಮಾಸುವುದಕ್ಕೆ ಮುನ್ನ ಲೇಖನಿಯನ್ನು ಹಿಡಿಯಲೆಂದು ನಮ್ಮ ಪ್ರಾರ್ಥನೆ.