ನಾಚಿಕೆಗೆಟ್ಟವರು ಯಾರು?

‘ಮೂರೂ ಬಿಟ್ಟವರು ಊರಿಗೆ ದೊಡ್ಡವರು’ ಅನ್ನೋ ಗಾದೆಯನ್ನ ನಮ್ಮ ಮೇಷ್ಟ್ರುಗಳು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತಾರೆ. ಮೂರು ಅಂದರೆ ಲಜ್ಜೆ, ಮಾನ, ಮರ್ಯಾದೆ. ಅಂಥವರ ಸಹವಾಸ ಬೇಡ ಅಂತ ನೀತಿ ಬರೆಸಿ ಮುಗಿಸುತ್ತಾರೆ. ಗಾದೆಯ ಒಳಗಿರುವ ‘ಊರಿಗೆ’ ಅನ್ನೋ ಮಾತನ್ನ ಮಾತ್ರ ಯಾರೂ ಮುಟ್ಟುವುದಿಲ್ಲ. ಕೇರಿಗೆ ದೊಡ್ಡವರು ಅಂತ ಗಾದೆ ಹೇಳಿಲ್ಲ. ನಾಚಿಕೆ ಬಿಟ್ಟು ದೊಡ್ಡವನಾಗುವ ಅನುಕೂಲ ಇರುವುದು ಊರಿನವನಿಗೆ. ಈ ಗಾದೆ ಕಟ್ಟಿದವರು ಯಾರೋ, ಅವರಿಗೆ ಊರು ಚೆನ್ನಾಗಿ ಗೊತ್ತಿತ್ತು.

ಹಳಗನ್ನಡದಲ್ಲಿ ‘ನಾಣ್’ ಅಂದರೆ ನಾಚಿಕೆ. ಅದನ್ನು ಕಳೆದುಕೊಳ್ಳುವುದು ‘ನಾಣ್ಗೆಡು’. ಇವತ್ತಿನ ‘ನಾಚಿಕೆಗೆಟ್ಟ’, ‘ಮಾನಗೆಟ್ಟ’ ಎಲ್ಲ ಅದೇ ಕಟ್ಟಿನವು. ಇಲ್ಲಿರುವ ‘ಕೆಡು’ವನ್ನ ನೋಡಿ ಗೆಳೆಯರೆ. ಕೆಡಬೇಕಾದರೆ ಮೊದಲು ಇರಬೇಕು. ಹಾಲಿಲ್ಲದ ಮನೆಯಲ್ಲಿ ಹಾಲು ಕೆಡುತ್ತದೆಯೇ? ಮಾನ ಇಟ್ಟುಕೊಳ್ಳಲು ಶತಮಾನಗಟ್ಟಲೆ ಬಿಡದೆ, ಈಗ ನಿನ್ನ ಮಾನ ಕೆಟ್ಟಿದೆ ಅಂತ ಬಯ್ಯುವುದು ಯಾವ ವ್ಯಾಕರಣ? ‘ನಿರ್ಲಜ್ಜ’ ಪುಸ್ತಕದ ಮಾತು, ಬಿಡಿ. ಬೀದಿ ಜಗಳದಲ್ಲಿ ಅದು ಕೇಳೋದಿಲ್ಲ. ‘ಭಂಡ’ ಸಂಸ್ಕೃತದಲ್ಲಿ ಜನರನ್ನು ನಗಿಸುವ ವಿದೂಷಕ. ಕನ್ನಡಕ್ಕೆ ಬಂದು ನಾಚಿಕೆಯಿಲ್ಲದವನಾದ. ಹೊಟ್ಟೆಪಾಡಿನ ಕಸುಬೇ ಬೈಗುಳವಾಯಿತು. ಇಂಥದ್ದು ನಮಗೇನು ಹೊಸದಲ್ಲ.

ಬಾಕಿ ಕೂಲಿ ಕೇಳಲು ಎರಡನೇ ಸಲ ಬಾಗಿಲಿಗೆ ಹೋದ ಹೆಂಗಸಿಗೆ ‘ನಾಚ್ಕೆ ಆಗಲ್ವೇನೇ’ ಅಂತಾರೆ. ಕೂಲಿ ಹಿಡಿದಿಟ್ಟವನಿಗೆ ಯಾರೂ ಹಾಗನ್ನೋದಿಲ್ಲ. ಅವನದು ಸ್ವಲ್ಪ ಕೈ ಬಿಗಿ, ಅಷ್ಟೆ. ಅವನು ಎದುರು ನಿಂತರೆ ಧೈರ್ಯ, ಇವಳು ನಿಂತರೆ ಭಂಡಧೈರ್ಯ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನ ನೆನೆಯಿರಿ. ಅಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ಸಲ್ಲಿಸುತ್ತಿದ್ದವರು ಹೆಚ್ಚಾಗಿ ದಲಿತ, ಹಿಂದುಳಿದ ಜಾತಿಗಳ ಬಡವರು. ೧೯೮೬ರ ಮಾರ್ಚಿಯಲ್ಲಿ ಗಲಭೆಯಾಗಿ, ತಡೆಯಲು ಹೋದ ಕಾರ್ಯಕರ್ತರಿಗೆ ಏಟು ಬಿತ್ತು, ಪೊಲೀಸರ ಬಟ್ಟೆಯನ್ನೂ ಕಿತ್ತರು. ಆಮೇಲೆ ನಿಷೇಧ ಬಂತು. ನಿಷೇಧ ಬೇಕಿತ್ತು, ನಮ್ಮವರೇ ಅದಕ್ಕಾಗಿ ಹೋರಾಡಿದ್ದು. ಆದರೆ ಬಡ ಹೆಂಗಸು ವರ್ಷ ವರ್ಷ ಬೇವಿನ ಸೊಪ್ಪು ಹಿಡಿದು ಬೆತ್ತಲೆ ನಡೆದಾಗ ಅದು ‘ಸೇವೆ’ಯಾಗಿತ್ತು. ಖಾಕಿ ಕಳಚಿದ ದಿನ ನಾಡಿಗೆ ಮಾನ ನೆನಪಾಯಿತು. ಬೆತ್ತಲೆ ಒಂದೇ, ನಾಚಿಕೆ ಮಾತ್ರ ಎರಡು ಥರ.

ಇಷ್ಟು ಹೇಳಿದ ಮೇಲೆ ನಮ್ಮ ಬರಹವನ್ನೂ ನೋಡಿಕೊಳ್ಳಬೇಕು. ಮಾತು ತಪ್ಪಿದ ರಾಜಕಾರಣಿಯನ್ನ ಬಯ್ಯಲು ನಾವು ಥಟ್ಟನೆ ಹುಡುಕುವುದು ಸೂಳೆಯ ಹೋಲಿಕೆಯನ್ನ. ಮುತ್ತು ಕಟ್ಟಿಸಿಕೊಂಡ ನಮ್ಮ ಕೇರಿಯ ಅಕ್ಕಂದಿರೇ ಆ ಹೋಲಿಕೆಯೊಳಗೆ ನಿಂತಿದ್ದಾರೆ ಅನ್ನೋದು ಬರೆಯುವಾಗ ಹೊಳೆಯೋದಿಲ್ಲ. ದೇವದಾಸಿಯಾಗಿ ಬಿಡುವುದನ್ನ ನಿಷೇಧಿಸಿ ರಾಜ್ಯದಲ್ಲಿ ಕಾಯಿದೆ ಆದದ್ದು ೧೯೮೨ರಲ್ಲಿ. ಪದ್ಯಗಳಲ್ಲಿ ಅವರನ್ನ ಇನ್ನೂ ಬಿಡುತ್ತಲೇ ಇದ್ದೇವೆ. ನನ್ನವೇ ಎರಡು ಹಳೆಯ ಪದ್ಯಗಳಲ್ಲಿ ಆ ಹೋಲಿಕೆ ಇದೆ. ಅವನ್ನ ಈಗ ವೇದಿಕೆಯಲ್ಲಿ ಓದೋದು ಬಿಟ್ಟಿದ್ದೇನೆ.